ಸರೋಜವ್ವನ ಓಣಿಯ ಊದುಗೊಳವೆಗಳು

ಓಣಿಗೆಲ್ಲ ಧೈರ್ಯ ಹೇಳಿದ ಸರೋಜವ್ವನಿಗೇ ಗೋಬರ್ ಗ್ಯಾಸ್ ಎಂದರೆ ಎದೆ ಡವಡವ ಎನ್ನುತ್ತಿತ್ತು. ಹಂಸಭಾವಿ ಹತ್ತಿರದ ಆ ಹಳ್ಳಿಗೆ ಹೊಸದಾಗಿ ಮಂಡಲ ಪಂಚಾಯ್ತಿ ಬಂದು, ಹೆಣ್ಣುಮಕ್ಕಳ ಜಾಗಕ್ಕೆ ಅವಳು ಆರಿಸಿ ಬಂದ ವರ್ಷವದು. ಕೆರೆದಂಡೆಯ ಜಾಲಿ ಕಡಿಯುವುದು ನಿಲ್ಲಲಿ, ಹೆಂಗಸರ ಕಣ್ಣು ಹೊಗೆಯಿಂದ ಉಳಿಯಲಿ ಎಂದು ಪಂಚಾಯ್ತಿ ಇಡೀ ಓಣಿಗೆ ಒಂದು ಸಗಣಿ ಗುಂಡಿ ಕಟ್ಟಿಸಿ, ಮನೆಮನೆಗೆ ಗ್ಯಾಸಿನ ಪೈಪು ಎಳೆಸಿತು. "ಅದು ಸಿಡೀತೈತಿ" ಎಂದವರಿಗೆ, "ಸಿಡ್ಯಾಂಗಿಲ್ಲ. ನನ್ನ ಮನ್ಯಾಗ ಮೊದಲ ಹಚ್ತೇನಿ, ನೋಡ್ರಿ" ಎಂದು ಬಡಾಯಿ ಕೊಚ್ಚಿಕೊಂಡಿದ್ದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಓಣಿಯಲ್ಲಿ ಕೆಮ್ಮು ಕಡಿಮೆಯಾಯಿತು, ಗುಂಡಿಯ ರಾಡಿ ಹೊಲಕ್ಕೆ ಒಳ್ಳೆ ಗೊಬ್ಬರವಾಯಿತು. ಆದರೂ ಹೊರಗೆ ಹೋದಾಗಲೆಲ್ಲ ಅವಳ ಜೀವ ಮನೆಯಲ್ಲೇ ಇರುತ್ತಿತ್ತು. ಅಲ್ಲಿ ತೊಟ್ಟಿಲಲ್ಲಿ ತನ್ನ ಕೂಸು, ಜೊತೆಗೆ ನೀಲಿ ಉರಿಯನ್ನು ಕಂಡರಾಗದ ಅತ್ತೆ ಶೇಖವ್ವ.

ಅಂದು ಸಭೆ ಮುಗಿಸಿ ಬರುವಾಗ ಹೊತ್ತು ಮುಳುಗಿತ್ತು, ಕರೆಂಟೂ ಹೋಗಿತ್ತು. ಹೊಸ್ತಿಲಲ್ಲೇ ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯಿತು. ಗ್ಯಾಸು! ಒಳಗೆ ಕತ್ತಲಲ್ಲಿ ಯಾರೋ ಕಡ್ಡಿಪೆಟ್ಟಿಗೆ ಅಲುಗಿಸಿದ ಸದ್ದು.

ಅತ್ತೆಯೇ ಇರಬೇಕು. ಚೀರಿದರೆ ಮುದುಕಿ ಬೆಚ್ಚಿ ಕಡ್ಡಿ ಗೀರಿಬಿಟ್ಟಾಳು. "ಅತ್ತಿ," ಎಂದಳು ಮೆಲ್ಲಗೆ, "ಕಡ್ಡಿ ಗೀರಬ್ಯಾಡ್ರಿ."

"ಕತ್ತಲಾಗೈತಿ. ಚಿಮಣಿ ಹಚ್ಚಬೇಕಲ್ಲ."

"ಕೈಯಾಗಿಂದು ಹಂಗ ಕೆಳಗ ಇಡ್ರಿ."

"ಯಾಕ ಹಿಂಗ ಮಾಡಾಕತ್ತಿ?"

ಪೆಟ್ಟಿಗೆ ನೆಲ ಮುಟ್ಟಿದ ಸದ್ದು ಕೇಳುವವರೆಗೆ ಸರೋಜವ್ವ ಉಸಿರು ಬಿಡಲಿಲ್ಲ. ಆಮೇಲೆ ತಡಕಾಡಿ ಗ್ಯಾಸಿನ ಚಾವಿ ತಿರುವಿ ಬಂದ್ ಮಾಡಿದಳು, ಕಿಟಕಿ, ಹಿತ್ತಿಲ ಬಾಗಿಲು ತೆರೆದಳು, ಕೂಸನ್ನು ಎದೆಗವಚಿ ಅತ್ತೆಯನ್ನು ಅಂಗಳಕ್ಕೆ ಎಳೆತಂದಳು. ಕೂಸು ಅತ್ತಿತು. ಅದು ಅತ್ತಿತಲ್ಲ ಎಂದು ಅವಳೂ ಅತ್ತಳು.

"ಉರಿ ಸಣ್ಣಾಗಿತ್ತು, ಬ್ಯಾಳಿ ಬೇಯವಲ್ದು," ಎಂದಳು ಶೇಖವ್ವ. "ಊದುಗೊಳವಿ ತಗೊಂಡು ಊದಿದೆ. ದೊಡ್ಡದಾಗೂದು ಬಿಟ್ಟು ಆರಿ ಹೋತು."

ಬುದ್ಧಿ ಬಂದಾಗಿನಿಂದ ಒಲೆ ಊದಿದ ಬಾಯಿ ಅದು, ಅದರ ತಪ್ಪೇನು? ಚಾವಿ ತಿರುವುವುದನ್ನು ಕಲಿಸಿದ ಪಂಚಾಯ್ತಿಗೆ, ಊದಬಾರದು ಎಂದು ಹೇಳಲು ಹೊಳೆದೇ ಇರಲಿಲ್ಲ. ಸರೋಜವ್ವನಿಗೂ ಹೊಳೆದಿರಲಿಲ್ಲ.

ಬೆಳಿಗ್ಗೆ ಅವಳು ಓಣಿಯ ಮನೆಮನೆಗೆ ಹೋಗಿ, ಆದದ್ದನ್ನೆಲ್ಲ ಹೇಳಿ, ಅಡುಗೆಮನೆಯ ಊದುಗೊಳವೆ ಕೇಳಿ ಇಸಿದುಕೊಂಡಳು.

"ಸಿಡ್ಯಾಂಗಿಲ್ಲ ಅಂದಿದ್ರಲ್ರಿ, ಮೆಂಬರ್ ಬಾಯಾರ," ಎಂದಳು ಪಕ್ಕದ ಮನೆಯ ನಾಗವ್ವ.

"ಗೊತ್ತಿಲ್ಲದ ಹೇಳಿದ್ನಿ. ನನಗೂ ಅಂಜಿಕಿ ಐತಿ, ನಾಗವ್ವ."

ಊದುಗೊಳವೆಗಳ ಹೊರೆಯನ್ನು ಹಿತ್ತಿಲಲ್ಲಿ ಹಾಕಿ, ಅತ್ತೆಗೆ ಚಹಾ ಕಾಸಲು ಗ್ಯಾಸು ಹಚ್ಚಿದಳು. ಕಿಟಕಿಯ ಗಾಳಿಗೆ ನೀಲಿ ಉರಿ ಬಾಗಿ ಸಣ್ಣಗಾಯಿತು. ತನಗೇ ಅರಿವಿಲ್ಲದೆ ಸರೋಜವ್ವ ಬಗ್ಗಿದ್ದಳು, ತುಟಿಗಳು ಊದಲು ದುಂಡಗಾಗಿದ್ದವು. ಅವಳು ಅಂಗೈಯಿಂದ ತನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು.