ನಿಂತರೆ ನಿಲ್ಲುವ ಕುದುರೆ

ಕೆಂದ ನಮ್ಮ ಮನೆಗೆ ಬಂದಾಗ ಅದಕ್ಕೆ ಮರ್ಯಾದೆ ಅನ್ನುವುದೇ ಗೊತ್ತಿರಲಿಲ್ಲ. ಗಿಡ್ಡ ಜಾತಿಯ ಮರಿಕುದುರೆ. ಹಗ್ಗ ಹಿಡಿದರೆ ನಮ್ಮನ್ನೇ ಎಳೆದುಕೊಂಡು ಹೋಗುತ್ತಿತ್ತು, ತಡೆದರೆ ತಲೆಯಿಂದ ಬೆನ್ನಿಗೆ ಗುದ್ದುತ್ತಿತ್ತು, ಸುಮ್ಮನೆ ನಿಂತರೆ ಚೂಡಿದಾರದ ತೋಳು ಕಚ್ಚುತ್ತಿತ್ತು. ಕುರಿಮಂದೆಯ ಜೊತೆ ಊರೂರು ತಿರುಗುವ ನಮ್ಮವರಿಗೆ ಇಂಥ ಕುದುರೆ ಬೇಡ. ದಾರಿಯಲ್ಲಿ ಹುಟ್ಟಿದ ಎಳೆಮರಿಗಳನ್ನು ಚೀಲದಲ್ಲಿ ಕೂರಿಸಿ ಕುದುರೆಯ ಎರಡೂ ಪಕ್ಕ ಇಳಿಬಿಡುತ್ತಾರೆ. ಅದು ಬೆದರಿ ಓಡಿದರೆ ಮರಿಗಳು ಉಳಿಯುವುದಿಲ್ಲ.

"ಮಂದೆ ಹೊರಡಾದ್ರೊಳಗೆ ಕಲೀಲಿಲ್ಲ ಅಂದ್ರೆ ಇದನ್ನ ಮದುವೆ ಬ್ಯಾಂಡಿನೋರಿಗೆ ಕೊಟ್ಬಿಡ್ತೀನಿ" ಎಂದರು ದೊಡ್ಡಪ್ಪ ಪಾಪಣ್ಣ.

"ನಾನು ಕಲಿಸ್ತೀನಿ" ಎಂದೆ. ಹಾಗೆಂದವಳು ನಾನೇನಾ ಅಂತ ನನಗೇ ಗಾಬರಿಯಾಯಿತು.

ಅಜ್ಜಿ ಏಕನಾಥಮ್ಮ ನಕ್ಕುಬಿಟ್ಟಳು. "ನೆಂಟ್ರು ಬಂದ್ರೆ ಅಡಿಗೆಮನೆ ಸೇರ್ಕಳಾಕಿ, ಕುದುರೆಗೆ ಮರ್ಯಾದೆ ಕಲಿಸ್ತಾಳಂತೆ! ಕಲ್ಸವ್ವ ಜಯಶೀಲಾ. ಕೈಯಾಗ ಬೆಲ್ಲ ಮಾತ್ರ ತಿನ್ಸಬ್ಯಾಡ, ಕಚ್ಚಾದು ಬಿಡಂಗಿಲ್ಲ."

ನಾನು ಬೆಲ್ಲ ತಿನ್ನಿಸಲಿಲ್ಲ, ಬಾರುಕೋಲೂ ಹಿಡಿಯಲಿಲ್ಲ. ಕೂಗಿ ಗದರಿಸುವುದಂತೂ ನನ್ನಿಂದಾಗದ ಕೆಲಸ. ಕೆಂದ ಮುಂದೆ ನುಗ್ಗಿದರೆ ನಿಂತುಬಿಡುತ್ತಿದ್ದೆ. ಅದು ಹಿಂದೆ ಸರಿದು ನನ್ನ ಭುಜದ ಪಕ್ಕ ಬರುವವರೆಗೂ ಹೆಜ್ಜೆ ಎತ್ತುತ್ತಿರಲಿಲ್ಲ. ಗುದ್ದಿದರೆ ಒಂದು ಸುತ್ತು ತಿರುಗಿಸಿ ಮತ್ತೆ ಅಲ್ಲಿಂದಲೇ ಶುರು. ನಮ್ಮೂರು ಯಲ್ಲದಕೆರೆಯ ಹೊಲದ ಬದುಗಳಲ್ಲಿ ಹೀಗೇ ಅಡ್ಡಾಡಿದೆವು. ಬರಬರುತ್ತ ಹಗ್ಗ ಸಡಿಲವಾಗಿ ಜೋತುಬಿತ್ತು. ನಾನು ನಡೆದರೆ ಅದೂ ನಡೆಯಿತು, ನಿಂತರೆ ನಿಂತಿತು.

ಇವತ್ತು ದೊಡ್ಡಪ್ಪ ಪರೀಕ್ಷೆ ಇಟ್ಟರು. ಕೆಂದನ ಬೆನ್ನಿಗೆ ಚೀಲ ಕಟ್ಟಿ ಎರಡು ಎಳೆಮರಿಗಳನ್ನು ಕೂರಿಸಿದರು. ಡಾಂಬರು ರಸ್ತೆ ದಾಟಿ ಆಚೆ ಹೊಲಕ್ಕೆ ಹೋಗಬೇಕು. ಮಂದೆ ಹೊಡೆದುಕೊಂಡು ಅವರು ಮೊದಲು ದಾಟಿದರು. ಹಿಂದೆ ನಾವು.

ರಸ್ತೆ ಮಧ್ಯಕ್ಕೆ ಬಂದಿದ್ದೆ. ಪಕ್ಕದಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ಹುಡುಗರು ಫೋನ್ ಎತ್ತಿ ಹಿಡಿದರು.

"ಮೇಡಮ್ಮೋರೇ, ಕುದುರೆಗೆ ಲೈಸೆನ್ಸ್ ಐತಾ?"

"ಲೇ, ಕುದುರೆಗಲ್ಲ ಕಣಲೇ, ಅವರಿಗೈತಾ ಕೇಳು!"

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಕಾಲುಗಳು ಅಲ್ಲೇ ನಿಂತವು. ಕೆಂದನೂ ನಿಂತಿತು.

ತಿರುವಿನಲ್ಲಿ ಲಾರಿಯ ಹಾರನ್ ಕೇಳಿತು.

"ಬಾರೇ! ಎಳ್ಕಂಡ್ ಬಾರೇ!" ದೊಡ್ಡಪ್ಪ ಆಚೆಯಿಂದ ಕಿರುಚಿದರು.

ಕಾಲು ಏಳಲಿಲ್ಲ. ಹಗ್ಗ ಜಗ್ಗಿದೆ. ಕೆಂದ ಕತ್ತು ಚಾಚಿತೇ ಹೊರತು ನನ್ನನ್ನು ದಾಟಿ ಹೋಗಲಿಲ್ಲ. ಅದೊಂದಾದರೂ ಓಡಿಹೋಗಲಿ ಅಂತ ಹಗ್ಗ ಕೈಬಿಟ್ಟೆ. ಓಡಲಿಲ್ಲ. ಕಿವಿ ನಿಮಿರಿಸಿ, ಮೈಯೆಲ್ಲ ನಡುಗಿಸುತ್ತ, ನನ್ನ ಭುಜದ ಪಕ್ಕವೇ ನಿಂತಿತ್ತು. ನಾನು ಕಲಿಸಿದ್ದು ಇದನ್ನೇ. ಇಷ್ಟು ಚೆನ್ನಾಗಿ ಕಲಿತಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಬ್ರೇಕಿನ ಸದ್ದು, ಸುಟ್ಟ ಟೈರಿನ ವಾಸನೆ. ಲಾರಿಯ ಮೂತಿ ನನ್ನ ಕೈಗೆಟಕುವಷ್ಟು ಹತ್ತಿರ ನಿಂತಿತು. ಚೀಲದಲ್ಲಿ ಮರಿಗಳು ಒಟ್ಟಿಗೇ ಅರಚಿದವು.

ಡ್ರೈವರ್ ತಲೆ ಹೊರಗೆ ಹಾಕಿ, "ಏನಮ್ಮಾ, ಅದೇನ್ ಗೊಂಬೆ ಕುದುರೇನಾ? ಕೀ ಕೊಡು!" ಎಂದ. ಬೈಕಿನ ಹುಡುಗರು ಫೋನ್ ಕೆಳಗಿಳಿಸಿದರು.

ಹೇಗೋ ಒಂದು ಹೆಜ್ಜೆ ಇಟ್ಟೆ. ಕೆಂದ ಒಂದು ಹೆಜ್ಜೆ ಇಟ್ಟಿತು.

ಆಚೆ ಬದಿಯಲ್ಲಿ ದೊಡ್ಡಪ್ಪ ಕೋಲು ಎತ್ತಿಕೊಂಡೇ ಓಡಿಬಂದರು. ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಕೋಲನ್ನು ನೆಲಕ್ಕೆ ಎಸೆದು, ಚೀಲಕ್ಕೆ ಕೈಹಾಕಿ ಮರಿಗಳನ್ನು ಮುಟ್ಟಿ ನೋಡಿದರು. ಆಮೇಲೆ ಕೆಂದನ ಕುತ್ತಿಗೆಯ ಮೇಲೆ ಕೈಯಿಟ್ಟರು.

"ಇದನ್ನ ಯಾರಿಗೂ ಕೊಡಂಗಿಲ್ಲ" ಎಂದರು. "ಹಿಂಗೆ ಕಲ್ತ ಕುದುರೆ ನಾನು ನೋಡೇ ಇಲ್ಲ. ಆದ್ರೆ ರಸ್ತೆ ಮ್ಯಾಲೆ ಇದರ ಹಗ್ಗ ನಿನ್ ಕೈಗೆ ಬ್ಯಾಡವ್ವ."

ಜೋತಾಡುತ್ತಿದ್ದ ಹಗ್ಗವನ್ನು ಎತ್ತಿ ಅವರ ಕೈಗೆ ಕೊಟ್ಟೆ.

ಅವರು ಹಗ್ಗ ಹಿಡಿದು ಹೊರಟರು. ನನ್ನನ್ನು ಬಿಟ್ಟು ಅದು ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋಯಿತು. ಅವರ ಭುಜದ ಪಕ್ಕದಲ್ಲೇ, ಎಳೆಯದೆ, ಗುದ್ದದೆ, ಹಗ್ಗ ಸಡಿಲಬಿಟ್ಟುಕೊಂಡು. ಹೊಲದ ನಡುವೆ ದೊಡ್ಡಪ್ಪ ಕಂಬಳಿ ಸರಿಮಾಡಿಕೊಳ್ಳಲು ನಿಂತರು. ಕೆಂದನೂ ನಿಂತು, ಅವರು ಹೊರಡುವುದನ್ನೇ ಕಾಯಿತು.