ಮಾರಿದ ಕಾರಿನ ರಿಪೇರಿ

ಗಾಣದ ಯಂತ್ರ ಬಿಚ್ಚಿ ಜೋಡಿಸಬಲ್ಲವನಿಗೆ ಕಾರು ಯಾವ ಲೆಕ್ಕ ಎಂಬುದು ಕೊಟ್ಟೂರಪ್ಪನವರ ನಂಬಿಕೆ. ಅವರು ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿ ನಡೆಸುತ್ತಿದ್ದರು. ಅವರ ಹೆಂಡತಿ ಅನ್ನಪೂರ್ಣಮ್ಮನಿಗೆ ಆ ನಂಬಿಕೆಯ ಜೊತೆ ಸಂಸಾರ ಮಾಡಿ ಮಾಡಿ ಸಾಕಾಗಿಹೋಗಿತ್ತು.

ಕಾರು ಬಿಳಿಯದು, ಸಣ್ಣದು. ಮೊದಲು ಹಿರಿಯೂರಿನ ಡಾಕ್ಟರೊಬ್ಬರ ಹತ್ತಿರ ಇತ್ತು. ಮನೆಗೆ ಬಂದಾಗ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕೊಟ್ಟೂರಪ್ಪ ಅದನ್ನು ಒಂದು ದಿನವೂ ಗ್ಯಾರೇಜಿಗೆ ಬಿಡಲಿಲ್ಲ. "ಅವ್ರು ಒಂದು ಸರಿ ಮಾಡಿ ಎರಡು ಕೆಡಿಸಿ ಕಳಿಸ್ತಾರೆ" ಎನ್ನುತ್ತಿದ್ದರು. ಭಾನುವಾರ ಬಂತೆಂದರೆ ಸ್ನಾನಕ್ಕೂ ಮೊದಲೇ ಬಾನೆಟ್ ಏಳುತ್ತಿತ್ತು. ಕಾರ್ಬೊರೇಟರ್ ಅಂಗಳದ ಚಾಪೆಯ ಮೇಲೆ ಬಿಡಿಬಿಡಿಯಾಗಿ ಬಿದ್ದಿರುತ್ತಿತ್ತು. ಪ್ಲಗ್ಗುಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು, ಅದೂ ರೊಟ್ಟಿ ಹಿಟ್ಟು ಕಲಸುವ ಬೋಗುಣಿಯಲ್ಲಿ. ಒಮ್ಮೆ ಪೆಟ್ರೋಲ್ ಟ್ಯಾಂಕ್ ಸೋರತೊಡಗಿದಾಗ ಬಚ್ಚಲಲ್ಲಿದ್ದ ಸೋಪನ್ನೆಲ್ಲ ತಂದು ತಿಕ್ಕಿದರು. ಸೋರುವುದೇನೋ ನಿಂತಿತು. ಮನೆಮಂದಿಯೆಲ್ಲ ಅವತ್ತು ಕಡಲೆಹಿಟ್ಟು ಹಚ್ಚಿಕೊಂಡು ಸ್ನಾನ ಮಾಡಿದರು.

ಎಲ್ಲ ಜೋಡಿಸಿದ ಮೇಲೆ ಒಂದೆರಡು ಬೋಲ್ಟು ಹೊರಗೇ ಉಳಿಯುತ್ತಿದ್ದವು.

"ಇವು ಎಲ್ಲಿಯವು?" ಎಂದು ಅನ್ನಪೂರ್ಣಮ್ಮ ಕೇಳಿದರೆ, "ಇಲ್ಲದಿದ್ರೂ ನಡೀತೈತೆ, ಬಿಡು" ಎನ್ನುತ್ತಿದ್ದರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಮಗಳು ವಾಣಿಶ್ರೀಯ ನಿಶ್ಚಿತಾರ್ಥ ಗೊತ್ತಾಯಿತು. ಸೀರೆ ತರಲು ಗಂಡ ಹೆಂಡತಿ ಮೊಳಕಾಲ್ಮೂರಿಗೆ ಹೊರಟರು. ಬಸ್ಸಿನಲ್ಲಿ ಹೋಗೋಣವೆಂದು ಅನ್ನಪೂರ್ಣಮ್ಮ ಬೇಡಿಕೊಂಡರು. "ನಿನ್ನೆ ತಾನೇ ಇಂಜಿನ್ನಿಗೆ ಹೊಸ ಪಾಯಿಂಟ್ ಕೂರಿಸೀನಿ, ಗಾಳಿ ಹೋದಂಗೆ ಹೋಗ್ತೈತೆ" ಎಂದರು ಕೊಟ್ಟೂರಪ್ಪ. ತಳಕು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ನೆತ್ತಿ ಸುಡುವ ಬಿಸಿಲು. ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲ. ಬಳ್ಳಾರಿ ಬಸ್ಸುಗಳು ಒಂದಾದ ಮೇಲೊಂದು ಧೂಳೆಬ್ಬಿಸಿಕೊಂಡು ಹೋದವು.

"ಬರ್ರಿ, ಬಸ್ ಹತ್ತಾನ."

"ಐದು ನಿಮಿಷ ಕಣೇ."

ಆ ಐದು ನಿಮಿಷ ಮಧ್ಯಾಹ್ನದವರೆಗೂ ನಡೆಯಿತು. ಮೊಳಕಾಲ್ಮೂರು ಮುಟ್ಟಿದಾಗ, ಸೀರೆ ತೆಗೆದಿಡುತ್ತೇನೆಂದಿದ್ದ ನೇಕಾರ ಕಾದು ಕಾದು, ಬೀಗ ಹಾಕಿಕೊಂಡು ರಾಂಪುರದ ಮದುವೆಯೊಂದಕ್ಕೆ ಹೋಗಿಬಿಟ್ಟಿದ್ದ. ಇಬ್ಬರೂ ಬರಿಗೈಯಲ್ಲಿ ಹಿಂತಿರುಗಿದರು. ಮನೆಯ ಬಾಗಿಲಲ್ಲಿ ಇಳಿದ ಮೇಲೆ ಅನ್ನಪೂರ್ಣಮ್ಮ ಒಂದೇ ಮಾತು ಹೇಳಿದರು.

"ಈ ಮನೇಲಿ ಇದು ಇರಬೇಕು, ಇಲ್ಲ ನಾನಿರಬೇಕು."

ಕೊಟ್ಟೂರಪ್ಪ ತಲೆ ಕೆರೆದುಕೊಂಡರು. "ಬ್ಯಾಟರಿ ಹೊಸದು ಹಾಕೀನಲ್ಲೇ" ಎಂದರು. ಹೆಂಡತಿಯ ಮುಖ ನೋಡಿದ ಮೇಲೆ ಕಾರು ಮಾರಲು ಒಪ್ಪಿಕೊಂಡರು.

ಮೊದಲು ನೋಡಲು ಬಂದವರು ಊರಿನ ಮೇಷ್ಟ್ರೊಬ್ಬರು. ಅನ್ನಪೂರ್ಣಮ್ಮ ಒಳಗಿನಿಂದ ಕಾಫಿ ತರುವುದರೊಳಗೆ ಕೊಟ್ಟೂರಪ್ಪ ಬಾನೆಟ್ ಎತ್ತಿ ವಿವರಣೆ ಶುರು ಮಾಡಿದ್ದರು. ಇಲ್ಲಿ ರೇಡಿಯೇಟರ್ ಒಡೆದಿತ್ತು, ನಾನೇ ಬೆಸೆದೆ. ಈ ವೈರು ಸುಟ್ಟಿತ್ತು, ನಾನೇ ಸುತ್ತಿದೆ. ಟ್ಯಾಂಕಿಗೆ ಸೋಪು ಹಾಕೀನಿ, ಮಳೆಗಾಲದಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಬೇಕು. ಮೇಷ್ಟ್ರು ಕಾಫಿ ಕುಡಿದು, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದವರು ಮತ್ತೆ ಆ ಬೀದಿಯಲ್ಲೇ ಕಾಣಿಸಲಿಲ್ಲ.

"ನಿಮ್ಗೆ ಬಾಯಿ ಮುಚ್ಕಂಡಿರೋಕೆ ಆಗಲ್ವಾ?"

"ಸುಳ್ಳು ಹೇಳಿ ಮಾರ್ಲೇನು?"

"ಸುಳ್ಳು ಯಾರು ಹೇಳು ಅಂದ್ರು? ಸುಮ್ನಿರಿ ಅಂದೆ."

ಎರಡನೆಯವನು ಉಗ್ರಪ್ಪ. ಪರಶುರಾಂಪುರದ ಕಡೆಯವನು. ಕುರಿ, ಈರುಳ್ಳಿ ಎರಡರಲ್ಲೂ ಕೈ ಕುದುರಿದ್ದವನು. ಕೊಟ್ಟೂರಪ್ಪ ಅವನಿಗೂ ಅದೇ ಕಥೆ ಮೊದಲಿಂದ ಕೊನೆಯವರೆಗೆ ಹೇಳಿದರು. ಅನ್ನಪೂರ್ಣಮ್ಮ ಕಿಟಕಿಯಿಂದ ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು. ಆದರೆ ಉಗ್ರಪ್ಪ ಪಂಚೆ ಎತ್ತಿ ಕಟ್ಟಿ, ಕಾರಿನಡಿ ನುಸುಳಿ, ಸೋಪು ತಿಕ್ಕಿದ ಜಾಗವನ್ನೇ ಮುಟ್ಟಿ ನೋಡಿ ಹೊರಬಂದ.

"ಸಾವ್ಕಾರ್ರೇ, ನಮ್ಮ ಟ್ರ್ಯಾಕ್ಟ್ರಿಗೆ ನಾನೂ ಹಿಂಗೇ ಮಾಡೀನಿ! ಗಾಡಿ ನಂದೇ. ಒಂದೇ ಮಾತು. ಕೆಟ್ರೆ ನೀವು ಬಂದು ನೋಡ್ಬೇಕು."

"ಬರ್ದೇ ಇರ್ತೀನೇನೋ!" ಎಂದರು ಕೊಟ್ಟೂರಪ್ಪ.

ಆ ಮಾತಿಗೆ ಅನ್ನಪೂರ್ಣಮ್ಮ ಗಮನ ಕೊಡಲಿಲ್ಲ. ಕಾರು ಗೇಟು ದಾಟಿದ್ದೇ ತಡ, ಅಂಗಳ ಗುಡಿಸಿ ನೀರು ಹಾಕಿ, ಎಣ್ಣೆಯ ಕಲೆಯ ಮೇಲೆಯೇ ದೊಡ್ಡ ರಂಗೋಲಿ ಬಿಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆಯೇ ಫೋನು ಬಂತು. ಚೋಕ್ ಹಿಡಿದುಕೊಂಡಿದೆಯಂತೆ. ಕೊಟ್ಟೂರಪ್ಪ ಪಾನೆ, ಸ್ಕ್ರೂಡ್ರೈವರುಗಳ ಚೀಲ ಹೆಗಲಿಗೇರಿಸಿ ಪರಶುರಾಂಪುರದ ಬಸ್ಸು ಹತ್ತಿದರು. ಅದರ ಮುಂದಿನ ಭಾನುವಾರ ಕ್ಲಚ್ ವೈರು. ಆಮೇಲೆ ಫೋನು ಬರುವುದಕ್ಕೂ ಕಾಯಲಿಲ್ಲ. ಮೊದಲಾದರೆ ಗಂಡ ಅಂಗಳದಲ್ಲಾದರೂ ಇರುತ್ತಿದ್ದರು, ಕರೆದರೆ ಓಗೊಡುತ್ತಿದ್ದರು. ಈಗ ನಿಶ್ಚಿತಾರ್ಥಕ್ಕೆ ಯಾರನ್ನು ಕರೆಯಬೇಕು ಎಂದು ಕೇಳಲು ಕೂಡ ಮನೆಯಲ್ಲಿ ಆಳಿಲ್ಲ.

"ಇವತ್ತು ನಾನೂ ಬರ್ತೀನಿ. ಆ ಉಗ್ರಪ್ಪನಿಗೆ ಎರಡು ಮಾತು ಹೇಳ್ಬೇಕು" ಎಂದು ಒಂದು ಭಾನುವಾರ ಅನ್ನಪೂರ್ಣಮ್ಮ ಹೊರಟೇಬಿಟ್ಟರು.

ಹೇಳಬೇಕೆಂದಿದ್ದ ಮಾತು ಹೇಳಲು ಅವಕಾಶವೇ ಸಿಗಲಿಲ್ಲ. ಉಗ್ರಪ್ಪನ ಹೆಂಡತಿ ದುರುಗಕ್ಕ ಇವರನ್ನು ಕಂಡವಳೇ ಬಾಗಿಲಿಗೆ ಓಡಿ ಬಂದಳು.

"ಬಂದ್ರಾ ಅಮ್ಮಾರೇ? ಇದನ್ನ ಹೊಡ್ಕಂಡು ಹೋಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಮನುಷ್ಯಂಗೆ ಕುರಿ ಬೇಡ, ಹೊಲ ಬೇಡ. ನನ್ನ ಮುದ್ದೆ ಕೋಲು ತಗಂಡು ಅದ್ಯಾವ್ದೋ ಇಂಜಿನ್ ಮೀಟ್ತಾನೆ!"

"ನಾನೂ ಅದನ್ನೇ ಹೇಳೋಕೆ ಬಂದೆ ಕಣವ್ವ" ಎಂದು ಅನ್ನಪೂರ್ಣಮ್ಮ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತರು.

ಹಟ್ಟಿಯ ಮುಂದೆ ಕಾರು ನಾಲ್ಕು ಸೈಜುಗಲ್ಲಿನ ಮೇಲೆ ನಿಂತಿತ್ತು. ಅದರ ಕೆಳಗಿನಿಂದ ಆಗಲೇ ಎರಡು ಜೊತೆ ಕಾಲು ಚಾಚಿದ್ದವು. "ಎಡಕ್ಕೆ ತಿರುಗ್ಸಲೇ" ಎಂದು ಒಂದು ದನಿ, "ಎಡಕ್ಕೇ ತಿರುಗ್ಸಿರೋದು ಸಾವ್ಕಾರ್ರೇ" ಎಂದು ಇನ್ನೊಂದು. ಹೆಂಗಸರಿಬ್ಬರೂ ಕಡಲೆಕಾಯಿ ಸುಲಿಯುತ್ತ, ಗಂಡಂದಿರ ಗುಣಗಾನ ಮಾಡುತ್ತ ಹೊತ್ತು ಕಳೆದರು.

ಸಂಜೆಯ ಹೊತ್ತಿಗೆ ಇಂಜಿನ್ ಗುಡುಗಿತು. ಇಬ್ಬರು ಗಂಡಸರೂ ಮೈಯೆಲ್ಲ ಮಸಿ ಮಾಡಿಕೊಂಡು ನಗುತ್ತಿದ್ದರು. "ಬಸ್ ಯಾಕೆ ಅಮ್ಮಾರೇ, ಚಳ್ಳಕೆರೆ ತಂಕ ನಾನೇ ಬಿಡ್ತೀನಿ" ಎಂದ ಉಗ್ರಪ್ಪ. ಅನ್ನಪೂರ್ಣಮ್ಮ ಬೇಡವೆಂದರು. ಯಾರೂ ಕೇಳಲಿಲ್ಲ. ಪೇಟೆ ನೋಡಿಕೊಂಡು ಬರುತ್ತೇನೆಂದು ದುರುಗಕ್ಕನೂ ಹತ್ತಿದಳು.

ಅರ್ಧ ದಾರಿಗೆ ಕಾರು ನಿಂತಿತು.

"ಸ್ವಲ್ಪ ತಳ್ರಿ, ಅಷ್ಟೇ" ಎಂದರು ಕೊಟ್ಟೂರಪ್ಪ. ನಾಲ್ವರೂ ಸರದಿಯಲ್ಲಿ ತಳ್ಳಿದರು. ಅನ್ನಪೂರ್ಣಮ್ಮನ ಸೆರಗು ಬೆವರಿನಿಂದ ತೊಯ್ದು, ಕಾಲಿನ ಚಪ್ಪಲಿಯ ಉಂಗುಟ ಕಿತ್ತುಬಂತು. ಕಾರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಗಂಡಸರು ಬಾನೆಟ್ಟಿನೊಳಗೆ ತಲೆ ತೂರಿಸಿದರು.

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಅನ್ನಪೂರ್ಣಮ್ಮ ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡುರಸ್ತೆಗೆ ಹೋಗಿ ನಿಂತರು. ಬಸ್ಸು ನಿಂತಿತು.

"ಬಾರವ್ವ ದುರುಗಕ್ಕ."

"ಏಯ್, ಐದು ನಿಮಿಷ ಕಣೇ!" ಎಂದು ಕೊಟ್ಟೂರಪ್ಪ ಕೂಗಿದರು.

"ಐದು ನಿಮಿಷನಾದ್ರೂ ಮಾಡ್ಕಳ್ರಿ, ಐದು ದಿನನಾದ್ರೂ ಮಾಡ್ಕಳ್ರಿ" ಎಂದು ಮೆಟ್ಟಿಲ ಮೇಲಿಂದ ಹೇಳಿ ಅನ್ನಪೂರ್ಣಮ್ಮ ಒಳಗೆ ಹೋದರು. ದುರುಗಕ್ಕ ಹಿಂದೆಯೇ ಹತ್ತಿದಳು. ಕಂಡಕ್ಟರ್ ಶಿಳ್ಳೆ ಹಾಕಿದ.

ಸೀಟು ಸಿಕ್ಕಿ ಕೂತ ಮೇಲೆ ದುರುಗಕ್ಕ ಕಿಟಕಿಯಿಂದ ಹಿಂತಿರುಗಿ ನೋಡಿದಳು. "ಬೈಕಂತಾ ಇದ್ದಾರೇನೋ ಅಂದ್ಕಂಡೆ ಅಮ್ಮಾರೇ. ನೋಡ್ರಿ ಅಲ್ಲಿ, ಆಗ್ಲೇ ಚಾಪೆ ಹಾಸ್ತಾ ಇದ್ದಾರೆ."

ಅನ್ನಪೂರ್ಣಮ್ಮ ನೋಡಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರಿಗೆ ತಡೆಯಲಾರದಷ್ಟು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಕಣ್ಣು ಒರೆಸಿಕೊಂಡು ಕೇಳಿದರು:

"ರಾತ್ರಿಗೆ ಮುದ್ದೆ ಮಾಡ್ಲೇನವ್ವ, ರೊಟ್ಟಿ ತಟ್ಲಾ?"