ಶಿಳ್ಳೆಗೆ ಬೀಳುವ ಬಾಗಿಲು

ಆ ರಂಗಮಂದಿರದೊಳಗೆ ಯಾರೂ ಸುಮ್ಮನೆ ಶಿಳ್ಳೆ ಹಾಕುವಂತಿರಲಿಲ್ಲ. ಹೊಸಬರು ಇದನ್ನು ಮೂಢನಂಬಿಕೆ ಎಂದುಕೊಳ್ಳುತ್ತಿದ್ದರು. ಹಳಬರು ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ಭಯದಿಂದಲೋ ತಿಳಿವಳಿಕೆಯಿಂದಲೋ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಾರಣ ತೀರ ಸರಳ. ರಂಗದ ಮೇಲೆ, ಪ್ರೇಕ್ಷಕರ ಕಣ್ಣಿಗೆ ಬೀಳದ ಎತ್ತರದಲ್ಲಿ ಒಂದು ಮರದ ಅಟ್ಟವಿತ್ತು. ಪರದೆ, ಗೋಡೆ, ಕಂಬ, ಮೋಡ ಎಲ್ಲವೂ ಅಲ್ಲಿಂದಲೇ ಹಗ್ಗ ಹಿಡಿದು ಇಳಿಯುತ್ತಿದ್ದವು, ಏರುತ್ತಿದ್ದವು. ಅಟ್ಟದಲ್ಲಿದ್ದವನಿಗೆ ಕೆಳಗಿನಿಂದ ಅಪ್ಪಣೆ ಹೋಗುತ್ತಿದ್ದದ್ದು ಶಿಳ್ಳೆಯಲ್ಲಿ. ಒಂದು ಉದ್ದ ಶಿಳ್ಳೆ ಎಂದರೆ ಬಿಡು. ಎರಡು ಗಿಡ್ಡ ಶಿಳ್ಳೆ ಎಂದರೆ ನಿಲ್ಲಿಸು. ಅಷ್ಟೇ ವ್ಯಾಕರಣ.

ಮೂವತ್ತೊಂದು ವರ್ಷದಿಂದ ಆ ಅಟ್ಟದಲ್ಲಿದ್ದವನನ್ನು ಎಲ್ಲರೂ ಅಟ್ಟದಣ್ಣ ಎನ್ನುತ್ತಿದ್ದರು. ಕೋಪ ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು. ಕೆಳಗೆ, ರಂಗದ ಎಡಮಗ್ಗುಲಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದವಳು ಅವನ ಮಗಳು. ಏಳನೆಯ ವಯಸ್ಸಿಗೇ ಎರಡು ಬೆರಳು ಬಾಯಿಗಿಟ್ಟು ಬೀದಿಯ ನಾಯಿಗಳನ್ನೆಲ್ಲ ಮನೆ ಮುಂದೆ ಸೇರಿಸಿ ಅಜ್ಜಿಯ ಕೈಲಿ ಬೈಸಿಕೊಂಡವಳು. ಈಗ ಇಡೀ ಆಟ ನಡೆಸುವ ಹೊಣೆ ಅವಳದು. ನೂರು ಜನರ ಶಿಳ್ಳೆಯ ನಡುವೆ ತನ್ನ ಮಗಳದನ್ನು ಗುರುತಿಸಬಲ್ಲೆ ಎಂದು ಅಟ್ಟದಣ್ಣ ಕೊಚ್ಚಿಕೊಳ್ಳುತ್ತಿದ್ದ. ಅದನ್ನು ಒರೆಗೆ ಹಚ್ಚುವ ಸಂದರ್ಭ ಬಂದಿರಲಿಲ್ಲ, ಏಕೆಂದರೆ ಆ ಮಂದಿರಕ್ಕೆ ಬರುತ್ತಿದ್ದವರು ಶಿಳ್ಳೆ ಹಾಕುವ ಜನ ಅಲ್ಲ. ಕೆಮ್ಮು ಬಂದರೂ ಅಂಕ ಮುಗಿಯುವವರೆಗೆ ತಡೆದುಕೊಳ್ಳುವ ಜನ. ಕೊನೆಕೊನೆಗೆ ಅವರೂ ಮೂರು ಸಾಲಿಗೆ ಇಳಿದಿದ್ದರು.

ಅಂಥ ಹೊತ್ತಿನಲ್ಲಿ ಹೀರೋ ಬಂದ.

ಹೊಸ ನಿರ್ಮಾಪಕರು ಹಳೆಯ ನಾಟಕವೊಂದನ್ನು ಎತ್ತಿಕೊಂಡಿದ್ದರು. ಮುದಿ ರಾಜ ತನ್ನ ಮಗನನ್ನೇ ಕೋಟೆಯಿಂದ ಹೊರಹಾಕಿ ಬಾಗಿಲು ಇಳಿಸುವ ಕಥೆ. ಶಾಲೆಯ ಪುಸ್ತಕದಲ್ಲಿ ಓದಿ ಎಲ್ಲರೂ ಮರೆತದ್ದು. ರಾಜಕುಮಾರನ ಪಾತ್ರಕ್ಕೆ ಎರಡೇ ಚಿತ್ರದಲ್ಲಿ ಹೆಸರು ಮಾಡಿದ ಇಪ್ಪತ್ಮೂರರ ಹುಡುಗನನ್ನು ಕರೆತಂದರು. ಟಿಕೆಟ್ಟಿನ ದರ ಕೇಳಿ ಬಣ್ಣ ಹಚ್ಚುವವಳು, "ಈ ದುಡ್ಡಲ್ಲಿ ನಮ್ಮನೆ ಮಾಡು ರಿಪೇರಿ ಆಗುತ್ತೆ" ಎಂದಳು. ಆದರೂ ಎರಡು ತಿಂಗಳ ಟಿಕೆಟ್ಟು ಒಂದೇ ಬೆಳಗ್ಗೆ ಖಾಲಿಯಾಯಿತು. ಹಿಂದಿನ ಸಾಲಿನವರಿಗೂ ಮುಖ ಕಾಣಲೆಂದು ರಂಗದ ಮೇಲ್ಭಾಗದಲ್ಲಿ ದೊಡ್ಡ ಪರದೆ ಕಟ್ಟಿದರು. ಕ್ಯಾಮೆರಾ ಹಿಡಿದ ಮುಖ ಅದರ ಮೇಲೆ ಮನೆಯಷ್ಟು ದೊಡ್ಡದಾಗಿ ಮೂಡುತ್ತಿತ್ತು. ಆ ಪರದೆ ಬಂದ ದಿನವೇ ಅಟ್ಟದಣ್ಣನಿಗೆ ರಂಗದ ನಡುಭಾಗ ಕಾಣುವುದು ನಿಂತುಹೋಯಿತು. ಮೊದಲು ಬಗ್ಗಿ ನೋಡಿದರೆ ನಟರ ನೆತ್ತಿ ಕಾಣುತ್ತಿತ್ತು. ಈಗ ಕಾಣುವುದು ಪರದೆಯ ಬೆನ್ನು, ವೈರುಗಳು.

ಕಾಣದ ಆ ಭಾಗದಲ್ಲೇ ಬಾಗಿಲು ಬೀಳಬೇಕಿತ್ತು.

ಬಾಗಿಲು ಹಳೆಯದೇ. ಗಟ್ಟಿಮರದ ಚೌಕಟ್ಟು, ಕೆಳಅಂಚಿಗೆ ಕಬ್ಬಿಣದ ಹಲ್ಲು. ತೂಕ ಇನ್ನೂರ ಹತ್ತು ಕಿಲೋ. ನಾಲ್ಕು ಮೀಟರ್ ಎತ್ತರದಲ್ಲಿ ಹಗ್ಗದಲ್ಲಿ ತೂಗಿ, ಅಟ್ಟದಣ್ಣನ ಬಲಗೈಗೆ ಸಿಗುವ ಕಬ್ಬಿಣದ ಹಿಡಿಯೊಂದರಿಂದ ಕಚ್ಚಿಸಿರುತ್ತಿದ್ದರು. ಹಿಡಿ ಎಳೆದರೆ ಹಗ್ಗ ಸಡಿಲ. ಬಾಗಿಲು ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ರಾಜಕುಮಾರ ಹೊಸ್ತಿಲು ದಾಟಿ, ರಾಜನಿಗೆ ಬೆನ್ನು ತೋರಿಸಿಕೊಂಡು ಮೂರು ಹೆಜ್ಜೆ ನಡೆಯಬೇಕು. ಮೂರನೆಯ ಹೆಜ್ಜೆಗೆ ಉದ್ದ ಶಿಳ್ಳೆ. ಹಿಂದೆ ಬಾಗಿಲು ಧಡ್ ಎನ್ನಬೇಕು.

ತಾಲೀಮಿನ ನಾಲ್ಕನೆಯ ದಿನ ಹೀರೋ ರಂಗದ ಮೇಲೆ ಒಬ್ಬನೇ ನಿಂತು ಫೋನು ನೋಡುತ್ತ ಯಾವುದೋ ಧಾಟಿಯನ್ನು ಶಿಳ್ಳೆಯಲ್ಲಿ ಎಳೆದ. ಅಟ್ಟದಣ್ಣ ಆಗ ಹಗ್ಗಕ್ಕೆ ಎಣ್ಣೆಬಟ್ಟೆ ಸವರುತ್ತಿದ್ದ. ಅವನ ಬಲಗೈ ಬಟ್ಟೆ ಬಿಟ್ಟು ಹಿಡಿಯ ಮೇಲೆ ಹೋಗಿ ಕೂತಿತ್ತು. ಹೋಗು ಎಂದು ಅವನು ಕೈಗೆ ಹೇಳಿರಲಿಲ್ಲ. ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಯಾರನ್ನೂ ಕೇಳದೆ ಮುಚ್ಚುತ್ತದಲ್ಲ, ಹಾಗೆ. ಹಿಡಿ ಎರಡು ಬೆರಳಷ್ಟು ಸರಿದಿತ್ತು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ಸಂಜೆ ಮಗಳಿಗೆ ಹೇಳಿದ. ಅವಳು ಮೊದಲು ನಕ್ಕಳು. "ನಿನ್ನ ಕೈಗೂ ಹೀರೋ ಹುಚ್ಚು ಹಿಡಿದಿದೆಯಾ ಅಪ್ಪಾ?"

"ನಗಬೇಡ ಕಣೆ. ಆಟ ಶುರುವಾದ್ರೆ ಸಾವಿರ ಜನ ಬರ್ತಾರೆ. ಅವನ ಸಿನಿಮಾಕ್ಕೆ ಹೋಗೋ ಜನ. ಅವನು ಕಂಡ್ರೆ ಏನು ಮಾಡ್ತಾರೆ?"

ಅವಳ ನಗು ಅಲ್ಲಿಗೇ ನಿಂತಿತು.

ಮರುದಿನ ಅವಳು ನಿರ್ದೇಶಕನ ಹತ್ತಿರ ಹೋದಳು. ನಿರ್ದೇಶಕ ಸಭ್ಯ ಮನುಷ್ಯ, ಯಾವ ಮಾತನ್ನೂ ಪೂರ್ತಿ ಕೇಳಿಸಿಕೊಂಡ ಮೇಲೆಯೇ ತಳ್ಳಿಹಾಕುವವನು. "ಇಷ್ಟು ದುಡ್ಡು ಕೊಟ್ಟು ಬರೋರು ಶಿಳ್ಳೆ ಹಾಕ್ತಾರಾ ಅಮ್ಮ? ಕೋಟು ಹಾಕ್ಕೊಂಡು ಬರ್ತಾರೆ" ಎಂದ. ಆದರೂ ಅಪ್ಪಣೆಗೆ ಶಿಳ್ಳೆ ಬೇಡ ಎನ್ನುವುದಕ್ಕೆ ಒಪ್ಪಿದ. ಕೆಂಪು ದೀಪದ ಸನ್ನೆ ಇಡೋಣ ಎಂದರೆ ಕ್ಯಾಮೆರಾದಲ್ಲಿ ಬೀಳುತ್ತದೆ ಎಂದು ಬೇಡವಾಯಿತು. ತಂತಿಯಿಲ್ಲದ ಕಿವಿಯಂತ್ರಗಳು ಬಂದವು. ಮಗಳು ಕೆಳಗಿಂದ ಪಿಸುಗುಟ್ಟಿದರೂ ಅಟ್ಟದಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಖಾಲಿ ಮಂದಿರದಲ್ಲಿ.

ಹೀರೋ ಕೆಟ್ಟವನಲ್ಲ. ಅದೇ ಅಟ್ಟದಣ್ಣನ ಕಷ್ಟವನ್ನು ಹೆಚ್ಚಿಸಿತು. ವಿಷಯ ಕಿವಿಗೆ ಬಿದ್ದು ಒಂದು ಮಧ್ಯಾಹ್ನ ತಾನೇ ಏಣಿ ಹತ್ತಿ ಬಂದ. ಮೇಲೆ ಬಂದವನು ಎರಡೂ ಕೈಯಲ್ಲಿ ಕಂಬ ಹಿಡಿದುಕೊಂಡ. "ಮಾಮ, ಸಾರಿ. ಶಿಳ್ಳೆ ವಿಷಯ ನನಗೆ ಯಾರೂ ಹೇಳಿರಲಿಲ್ಲ."

"ಕೂತ್ಕೋ ಮೊದಲು. ಬಿದ್ದರೆ ನಿನ್ನ ಅಭಿಮಾನಿಗಳು ನನ್ನನ್ನ ಉಪ್ಪಿನಕಾಯಿ ಹಾಕ್ತಾರೆ."

ಹುಡುಗ ನಕ್ಕು ಕೂತ. ಬಾಗಿಲಿನ ಹಗ್ಗ ಮುಟ್ಟಿ ನೋಡಿದ. ಸಿನಿಮಾದಲ್ಲಿ ನೆಲದ ಮೇಲೆ ಪಟ್ಟಿ ಅಂಟಿಸಿರುತ್ತಾರೆ, ಅಲ್ಲಿಗೆ ಬಂದು ನಿಲ್ಲಬೇಕು, ಒಂದು ಗೇಣು ತಪ್ಪಿದರೂ ಮುಖ ಮಸುಕು ಎಂದ. "ಇಲ್ಲಿ ಪಟ್ಟಿ ಇಲ್ಲ. ಎಲ್ಲಿ ನಿಲ್ಲಬೇಕೋ ಗೊತ್ತಾಗಲ್ಲ."

"ಇಲ್ಲಿ ನಿಲ್ಲೋದೇ ಇಲ್ಲಪ್ಪ. ಹೊಸ್ತಿಲು ದಾಟಿ ಮೂರು ಹೆಜ್ಜೆ. ಜನ ಕೂಗಲಿ, ಕುಣಿಯಲಿ, ಹೊಸ್ತಿಲ ಮೇಲೆ ಮಾತ್ರ ನಿಲ್ಲಬೇಡ."

"ನಿಲ್ಲಲ್ಲ ಮಾಮ. ಆಣೆ."

ಮೊದಲ ಆಟದ ಸಂಜೆ ಜನ ಕೋಟು ಹಾಕಿಕೊಂಡೇ ಬಂದಿದ್ದರು. ನಿರ್ದೇಶಕನ ಮಾತು ಅಷ್ಟರಮಟ್ಟಿಗೆ ಸರಿ. ಅಂಕದ ಪರದೆ ಸರಿದು ಹೀರೋ ಕಂಡದ್ದೇ ತಡ, ಕೋಟುಗಳೆಲ್ಲ ಎದ್ದು ನಿಂತವು. ಸಾವಿರದ ಇನ್ನೂರು ಫೋನುಗಳು ಒಟ್ಟಿಗೆ ಮೇಲೆದ್ದವು. ಅದೇ ಗಳಿಗೆಗೆ ಅಟ್ಟದಣ್ಣನ ಕಿವಿಯಂತ್ರ ಚರ್‌ರ್ ಎಂದು ಹುರಿಯತೊಡಗಿತು. ಅದರೊಳಗೆ ಮಗಳ ದನಿ ಚೂರುಚೂರಾಗಿ ಬಂತು, ಆಮೇಲೆ ಅದೂ ಇಲ್ಲ. ಮತ್ತು ಶಿಳ್ಳೆ. ಎಡದಿಂದ, ಬಲದಿಂದ, ಮೇಲಿನ ಗ್ಯಾಲರಿಯಿಂದ. ಉದ್ದ, ಗಿಡ್ಡ, ಉದ್ದ. ಬಿಡು, ನಿಲ್ಲಿಸು, ಬಿಡು, ಬಿಡು, ಬಿಡು.

ಮೊದಲ ಅಂಕದಲ್ಲಿ ಅಟ್ಟದಣ್ಣನ ಬಲಗೈ ಒಂಬತ್ತು ಸಲ ಹಿಡಿಯತ್ತ ಹೋಯಿತು. ಅವನು ಎಣಿಸಿದ. ಎಣಿಕೆ ತಪ್ಪಿರಲಿಲ್ಲ, ಏಕೆಂದರೆ ಪ್ರತಿಸಲವೂ ಎಡಗೈಯಿಂದ ಅದನ್ನು ಹಿಂದಕ್ಕೆ ತರಬೇಕಾಗಿತ್ತು. ಬಾಗಿಲಿನ ದೃಶ್ಯ ಇದ್ದದ್ದು ಎರಡನೆಯ ಅಂಕದಲ್ಲಿ.

ವಿರಾಮದಲ್ಲಿ ಮಗಳು ಏಣಿ ಹತ್ತಿ ಓಡಿ ಬಂದಳು.

"ಕಿವಿಯಂತ್ರ ಸತ್ತಿದೆ ಅಪ್ಪಾ. ಶಿಳ್ಳೆಯಲ್ಲೇ ಮಾಡೋಣ್ವಾ? ನನ್ನದು ನಿನಗೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ" ಎಂದ. ಹಲ್ಲು ಕಿತ್ತಷ್ಟು ಕಷ್ಟವಾಯಿತು ಆ ಮಾತು.

"ಬಾಗಿಲೇ ಬೇಡ ಅಂತ ಹೇಳ್ತೀನಿ."

"ಹೇಳು."

ಹೋದವಳು ಐದು ನಿಮಿಷಕ್ಕೆ ವಾಪಸು ಬಂದಳು. ಬಾಗಿಲಿಲ್ಲದೆ ನಾಟಕವೆಲ್ಲಿ, ಪೋಸ್ಟರಿನ ಮೇಲಿರುವುದೇ ಬಾಗಿಲು ಎಂದು ನಿರ್ದೇಶಕ ಅಂದನಂತೆ. ಆಗ ಅಟ್ಟದಣ್ಣನಿಗೆ ತನ್ನ ಗುರು ಹೇಳುತ್ತಿದ್ದ, ಶಿಳ್ಳೆಗೂ ಹಿಂದಿನ ಕ್ರಮ ನೆನಪಿಗೆ ಬಂತು. ಒಂದು ತೆಳು ದಾರ ಹುಡುಕಿ, ಒಂದು ತುದಿಯನ್ನು ತನ್ನ ಎಡತೋಳಿಗೆ ಕಟ್ಟಿಕೊಂಡು, ಗೋಡೆಯ ಕಬ್ಬಿಣದ ಬಳೆಯೊಳಗಿಂದ ಕೆಳಗೆ ಇಳಿಬಿಟ್ಟ. ಇನ್ನೊಂದು ತುದಿಯನ್ನು ಮಗಳು ತನ್ನ ಮುಂಗೈಗೆ ಸುತ್ತಿಕೊಂಡಳು. "ಹುಡುಗ ಮೂರನೆಯ ಹೆಜ್ಜೆ ಇಟ್ಟಾಗ ಒಂದು ಸಲ ಎಳಿ, ಮುಗೀತು" ಎಂದ ಅಟ್ಟದಣ್ಣ. ಎರಡು ಸಲ ಎಳೆದು ನೋಡಿದರು. ತೋಳಿನ ಮೇಲೆ ಗುಬ್ಬಚ್ಚಿ ಕುಕ್ಕಿದಂತೆ, ಎಳೆದು ಬಿಡುವ ಎಳೆತ.

ಎರಡನೆಯ ಅಂಕ. ಮುದಿ ರಾಜನ ಶಾಪದ ಮಾತು ಮುಗಿಯಿತು. ರಾಜಕುಮಾರ ಹೊಸ್ತಿಲತ್ತ ನಡೆದ. ಅಟ್ಟದಣ್ಣನಿಗೆ ಪರದೆಯ ಬೆನ್ನಲ್ಲದೆ ಏನೂ ಕಾಣದು, ಆದರೂ ಬೂಟಿನ ಸದ್ದು ಕೇಳುತ್ತಿತ್ತು. ಟಕ್, ಟಕ್, ಆಮೇಲೆ ಸದ್ದಿಲ್ಲ. ಶಿಳ್ಳೆಗಳ ಮಳೆ ಜೋರಾಯಿತು. ಸಭೆಯಲ್ಲಿ ಯಾರೋ ಹೀರೋನ ಹೆಸರು ಹಿಡಿದು ಕೂಗಿದರು. ಇನ್ನಷ್ಟು ಜನ ದನಿಗೂಡಿಸಿದರು. ಅಟ್ಟದಣ್ಣ ತನ್ನ ಬಲಗೈಯನ್ನು ದುಷ್ಟ ಪ್ರಾಣಿಯನ್ನು ನೋಡುವಂತೆ ನೋಡುತ್ತ ಕೂತ. ಅದು ಹಿಡಿಯ ಮೇಲೇ ಇರಬೇಕಿತ್ತು, ತೆಗೆದಿಡುವ ಹಾಗಿಲ್ಲ.

ದಾರ ಬಿಗಿಯಿತು.

ಬಲಗೈ ಹಿಡಿಯನ್ನು ಎಳೆಯಿತು. ಹಗ್ಗ ಒಂದು ಮೊಳ ಜಾರಿತು. ಆ ಒಂದು ಮೊಳದೊಳಗೆ ಅಟ್ಟದಣ್ಣನಿಗೆ ತಿಳಿದದ್ದು ಇಷ್ಟೇ: ದಾರ ಎಳೆದುಕೊಂಡೇ ಇದೆ, ಬಿಟ್ಟಿಲ್ಲ. ಮಗಳ ಎಳೆತ ಹೀಗಿರುವುದಿಲ್ಲ. ಅವನು ಇಡೀ ಮೈಭಾರ ಹಾಕಿ ಹಿಡಿಯನ್ನು ಹಿಂದಕ್ಕೆ ಒತ್ತಿದ. ಹಗ್ಗ ಕಚ್ಚಿ ನಿಂತಿತು. ಭುಜದಲ್ಲಿ ಏನೋ ಹರಿದಂತಾಯಿತು. ಕೆಳಗೆ ಶಿಳ್ಳೆ ನಡೆದೇ ಇತ್ತು. ಎಷ್ಟೋ ಹೊತ್ತಾದ ಮೇಲೆ ಬೂಟಿನ ಸದ್ದು ಮತ್ತೆ ಕೇಳಿತು, ತೋಳಿನ ಮೇಲೆ ಗುಬ್ಬಚ್ಚಿ ಕುಕ್ಕಿತು, ಅವನು ಬಿಟ್ಟ, ಬಾಗಿಲು ನೆಲಕ್ಕೆ ಬಡಿದು ಅಟ್ಟವೆಲ್ಲ ನಡುಗಿತು.

ಆಟ ಮುಗಿದ ಮೇಲೆ ಮಗಳು ಹೇಳಿದಳು. ಹೀರೋ ಹೊಸ್ತಿಲ ಮೇಲೆ, ಹಲ್ಲುಗಳ ನೇರ ಕೆಳಗೆ ನಿಂತುಬಿಟ್ಟಿದ್ದ. ಶಿಳ್ಳೆ ಬಿದ್ದೊಡನೆ ಸಭೆಯ ಕಡೆ ತಿರುಗಿ ಮುಖ ಎತ್ತಿದ್ದ, ಅಷ್ಟೆ. ಅವಳು ಗಾಬರಿಯಾಗಿ, ಮುಂದೆ ಹೋಗು ಎಂದು ಕೈಸನ್ನೆ ಮಾಡಲು ಎರಡು ಹೆಜ್ಜೆ ಮುಂದೆ ಬಂದಳು. ಮುಂಗೈಯಲ್ಲಿ ದಾರ ಇದ್ದದ್ದು ಮರೆತೇಹೋಗಿತ್ತು.

"ಬಾಗಿಲು ಕೆಳಗೆ ಜಾರಿದಾಗ ನಾನೇ ಕೊಂದೆ ಅಂದ್ಕೊಂಡೆ ಅಪ್ಪಾ" ಎಂದಳು. ಆಮೇಲೆ ದಾರದ ಗುರುತು ಕೂತ ಮುಂಗೈಯನ್ನು ಉಜ್ಜಿಕೊಂಡಳು.

ಬೆಳಗ್ಗೆ ಹತ್ತಕ್ಕೆ ಎಲ್ಲರನ್ನೂ ಕರೆದಿದ್ದರು. ಅಟ್ಟದಣ್ಣ ಹೆಗಲಿಗೆ ಪಟ್ಟಿ ಕಟ್ಟಿಕೊಂಡು, ರಾತ್ರಿಯೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳನ್ನು ಹೊತ್ತು ಬಂದ. ರಂಗದ ಮೇಲೆ ನಿರ್ದೇಶಕ ಮಂಡಿಯೂರಿ ಕೂತು ನೆಲಕ್ಕೆ ಬಿಳಿ ಪಟ್ಟಿ ಅಂಟಿಸುತ್ತಿದ್ದ. ಹೊಸ್ತಿಲ ಮೇಲೆ.

"ಆ ನಿಂತದ್ದಿದೆಯಲ್ಲ, ಅದೇ ನಿನ್ನೆಯ ಆಟ" ಎಂದ ನಿರ್ದೇಶಕ, ತಲೆ ಎತ್ತದೆ. "ಪರದೆಯ ಮೇಲೆ ಮುಖ, ಮುಖದ ಮೇಲೆ ಬಾಗಿಲಿನ ಹಲ್ಲು, ಎರಡೂ ಒಂದೇ ಚೌಕಟ್ಟಿನಲ್ಲಿ. ನಡುವೆ ಬಾಗಿಲು ಒಂದಿಷ್ಟು ಜಾರಿತು ನೋಡಿ, ಜನ ಉಸಿರು ಬಿಡಲಿಲ್ಲ. ಪ್ರತಿ ಆಟದಲ್ಲೂ ಹಾಗೇ ಜಾರಿಸಿ. ಶಿಳ್ಳೆ ನಿಲ್ಲೋವರೆಗೂ ಅವನು ನಿಂತಿರ್ತಾನೆ. ಆಮೇಲೆ ನಡೀತಾನೆ, ನೀವು ಬಾಗಿಲು ಬಿಡಿ."

"ಅದು ಜಾರಿಸಿದ್ದಲ್ಲ ಸ್ವಾಮಿ" ಎಂದ ಅಟ್ಟದಣ್ಣ. "ತಪ್ಪಿದ್ದು."

"ತಪ್ಪಿದರೂ ಚೆನ್ನಾಗಿತ್ತು."

ಜೋಡಿಸಿಟ್ಟ ಮಾತುಗಳನ್ನು ಅಟ್ಟದಣ್ಣ ಒಂದೊಂದಾಗಿ ಹೇಳಿದ. ತೂಕ ಹೇಳಿದ, ಎತ್ತರ ಹೇಳಿದ, ತನಗೆ ಅಲ್ಲಿಂದ ಏನೂ ಕಾಣುವುದಿಲ್ಲ ಎಂದ, ತನ್ನ ಕೈಯನ್ನು ತಾನೇ ನಂಬುವುದಿಲ್ಲ ಎಂದ. ನಿರ್ದೇಶಕ ಪೂರ್ತಿ ಕೇಳಿಸಿಕೊಂಡ. ನಿಮಗೆ ಕಷ್ಟವಾದರೆ ಬಲವಂತವಿಲ್ಲ, ಮೋಟಾರು ಕೂಡಿಸುವವರು ಇದ್ದಾರೆ, ಗುಂಡಿ ಒತ್ತಲು ಯಾರಾದರೂ ಸಿಗುತ್ತಾರೆ ಎಂದ. ದನಿಯಲ್ಲಿ ಕೋಪವೇನೂ ಇರಲಿಲ್ಲ.

ಮಗಳು ಅಪ್ಪನನ್ನು ಪಕ್ಕಕ್ಕೆ ಕರೆದಳು. "ಕೆಲಸ ಬಿಟ್ಟುಬಿಡೋಣ್ವಾ? ಇಬ್ಬರೂ?"

"ಬಿಟ್ಟರೆ ಗುಂಡಿ ಒತ್ತೋನು ಬರ್ತಾನೆ. ನಿನ್ನೆಯಂಥ ಎಳೆತ ತಪ್ಪು ಅಂತ ಅವನಿಗೆ ಹೇಗೆ ಗೊತ್ತಾಗುತ್ತೆ?"

"ನಿನಗೆ ಪ್ರತಿ ದಿನ ಗೊತ್ತಾಗುತ್ತಾ?"

ಮುಂದೆ ಐವತ್ತೊಂಬತ್ತು ಆಟಗಳಿದ್ದವು. ಅಟ್ಟದಣ್ಣ ಹೊಸ್ತಿಲಿಗೆ ಹೋಗಿ ಬಗ್ಗಿ, ಬಾಗಿಲು ಬೀಳುವ ಗೆರೆಯಿಂದ ಪಟ್ಟಿಯವರೆಗೆ ಗೇಣು ಹಾಕಿದ. ಗೇಣೂ ಪೂರ್ತಿ ಬಿಚ್ಚಲಿಲ್ಲ, ನಾಲ್ಕೇ ಬೆರಳು.

ಹೀರೋ ಕಾಫಿ ಲೋಟ ಹಿಡಿದು ಬಂದು ಪಟ್ಟಿಯ ಮೇಲೆ ನಿಂತ. ಕಡೆಗೂ ನೆಲದಲ್ಲಿ ತನ್ನ ಜಾಗ ಸಿಕ್ಕಿದ ನೆಮ್ಮದಿ ಮುಖದಲ್ಲಿತ್ತು. "ನಿನ್ನೆ ಸಾರಿ ಮಾಮ. ಕಾಲು ತಾನಾಗೇ ನಿಂತುಬಿಡ್ತು" ಎಂದ. "ಇವತ್ತು ಸರಿ ಇದೆ ಅಲ್ವಾ?"

"ಒಂದು ಹೆಜ್ಜೆ ಮುಂದೆ ಬಾಪ್ಪ" ಎಂದ ಅಟ್ಟದಣ್ಣ.

ಹುಡುಗ ಒಂದು ಹೆಜ್ಜೆ ಮುಂದೆ ಬಂದ. ಸಭೆಯ ಕತ್ತಲಿನಿಂದ ಕ್ಯಾಮೆರಾದವನು, "ಅಲ್ಲಿ ಬೆಳಕಿಲ್ಲ ಸರ್, ಮುಖ ಮಸುಕಾಗ್ತಿದೆ" ಎಂದ. ಹುಡುಗ ಅಟ್ಟದಣ್ಣನನ್ನು ನೋಡಿದ. ನಿರ್ದೇಶಕನನ್ನು ನೋಡಿದ. ಆಮೇಲೆ ಕೆಳಗೆ ನೆಲ ನೋಡಿಕೊಂಡು, ಕಾಫಿ ಚೆಲ್ಲದಂತೆ, ಒಂದು ಹೆಜ್ಜೆ ಹಿಂದೆ ಹೋಗಿ ಪಟ್ಟಿಯ ಮೇಲೆ ನಿಂತ.